ಫೋರ್ಮೋಸುಸ್ ಎಂಬ ಚೆಲುವ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಒಂದೇ ಒಂದು ಗುಣವಾಚಕದ ಬಗ್ಗೆ. ಲ್ಯಾಟಿನ್ನಿನ 'ಫೋರ್ಮೋಸುಸ್'. ಚೆಲುವಾದ, ಸುಂದರವಾದ ಅಂತ ಅರ್ಥ. ಈ ಪದ ಸ್ಪ್ಯಾನಿಷ್‌ನಲ್ಲಿ 'ಎರ್ಮೋಸೊ' ಆಯಿತು, ಪೋರ್ಚುಗೀಸಿನಲ್ಲಿ 'ಫೋರ್ಮೋಜು', ಸ್ಪೇನಿನ ವಾಯುವ್ಯ ಮೂಲೆಯ ಗಲಿಸಿಯನ್ ಭಾಷೆಯಲ್ಲಿ 'ಫೆರ್ಮೋಸೊ', ರೊಮೇನಿಯನ್‌ನಲ್ಲಿ 'ಫ್ರುಮೋಸ್'.

ಈಗ ಯುರೋಪಿನ ಭೂಪಟ ನೆನಪಿಸಿಕೊಳ್ಳಿ. ಸ್ಪೇನ್, ಪೋರ್ಚುಗಲ್ ಪಶ್ಚಿಮದ ತುದಿ. ರೊಮೇನಿಯಾ ಪೂರ್ವದ ಕೊನೆ, ಕಪ್ಪು ಸಮುದ್ರದ ದಡ. ನಡುವೆ ಫ್ರಾನ್ಸ್ ಮತ್ತು ಇಟಲಿ. ಅಲ್ಲಿ ಚೆಲುವಿಗೆ ಈ ಪದ ಹೇಳುವುದಿಲ್ಲ. ಫ್ರೆಂಚರು 'ಬೋ' ಅನ್ನುತ್ತಾರೆ, ಇಟಲಿಯವರು 'ಬೆಲ್ಲೊ' ಅನ್ನುತ್ತಾರೆ. ಲ್ಯಾಟಿನ್ ಹುಟ್ಟಿದ್ದು ಇಟಲಿಯಲ್ಲೇ ಅಲ್ವಾ? ತವರಲ್ಲಿ ಬಿಟ್ಟುಹೋದ ಪದ ಸಾಮ್ರಾಜ್ಯದ ಎರಡು ತುದಿಗಳಲ್ಲಿ ಮಾತ್ರ ಹೇಗೆ ಉಳಿಯಿತು? ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇರುತ್ತದೆ. ನಡುವೆ ಒಬ್ಬ ಪೋಪ್, ಒಂದು ಹೆಣ, ಒಂದೆರಡು ದ್ವೀಪ ಬರುತ್ತವೆ. ಸಹಿಸಿಕೊಳ್ಳಿ.

ಮೊದಲು ಪದವನ್ನು ಬಿಡಿಸಿ ನೋಡೋಣ. 'ಫೋರ್ಮ' ಅಂದರೆ ಆಕಾರ, ರೂಪ. 'ಓಸುಸ್' ಅನ್ನುವ ಬಾಲಕ್ಕೆ 'ತುಂಬಿರುವ' ಅನ್ನುವ ಅರ್ಥ. ಇಂಗ್ಲಿಷಿನ ಫೇಮಸ್, ಜೆನರಸ್ ಪದಗಳ ಕೊನೆಯಲ್ಲಿ ಇರುವುದೂ ಇದೇ ಬಾಲ. ಫ್ರೆಂಚ್ ದಾರಿಯಲ್ಲಿ ಸವೆದು ಬಂದಿದೆ ಅಷ್ಟೆ. ಹಾಗಾಗಿ ಫೋರ್ಮೋಸುಸ್ ಅಂದರೆ ರೂಪ ತುಂಬಿದವನು. ನಮ್ಮ ರೂಪವಂತ, ರೂಪವತಿ ಇದ್ದ ಹಾಗೆಯೇ. ರೂಪ ಅನ್ನುವುದು ಎಲ್ಲರಿಗೂ ಇದ್ದೇ ಇರುತ್ತದೆ. ಆದರೆ 'ಹುಡುಗಿಗೆ ರೂಪ ಇದೆ' ಅಂದರೆ ಚೆನ್ನಾಗಿದ್ದಾಳೆ ಅಂತಲೇ ನಾವು ತಿಳಿಯುತ್ತೇವೆ. ರೋಮನ್ನರೂ ಹಾಗೇ ತಿಳಿಯುತ್ತಿದ್ದರು.

ಹಳೆಯ ರೋಮಿನಲ್ಲಿ ಚೆಲುವಿಗೆ ಮುಖ್ಯವಾಗಿ ಮೂರು ಪದಗಳಿದ್ದವು. ಪುಲ್ಕೆರ್, ಫೋರ್ಮೋಸುಸ್, ಬೆಲ್ಲುಸ್. ಪುಲ್ಕೆರ್ ಗತ್ತಿನ ಪದ. ದೇವತೆಗಳಿಗೆ, ವೀರರಿಗೆ, ಯುದ್ಧದಲ್ಲಿ ಸಾಯುವುದಕ್ಕೆ ಕೂಡ ಅದನ್ನು ಬಳಸುತ್ತಿದ್ದರು. ಫೋರ್ಮೋಸುಸ್ ಕಣ್ಣಿಗೆ ಕಾಣುವ, ಮೈಯ ಚೆಲುವು. ಬೆಲ್ಲುಸ್ ಮುದ್ದಿನ ಮಾತು. ಮಕ್ಕಳಿಗೆ, ಹೆಂಗಸರಿಗೆ, ಗೆಳೆಯರಿಗೆ ಬರೆಯುವ ಕಾಗದಕ್ಕೆ ಸರಿ.

ರೋಮಿನ ಕವಿ ವರ್ಜಿಲ್ ಈ ವ್ಯತ್ಯಾಸವನ್ನು ಎಷ್ಟು ಚೆನ್ನಾಗಿ ಬಲ್ಲ ನೋಡಿ. ಕುರಿ ಕಾಯುವವರ ಬಗ್ಗೆ ಅವನು ಬರೆದ ಹಾಡುಗಳಲ್ಲಿ ಫೋರ್ಮೋಸುಸ್ ಮತ್ತೆ ಮತ್ತೆ ಬರುತ್ತದೆ. ಮೊದಲ ಹಾಡಿನಲ್ಲೇ ಒಬ್ಬ ಕುರುಬ ಮರದ ನೆರಳಲ್ಲಿ ಕಾಲು ಚಾಚಿ ಮಲಗಿದ್ದಾನೆ. 'ಚೆಲುವೆ ಅಮರಿಲ್ಲಿಸ್' ಅಂತ ಕಾಡಿಗೇ ಪಾಠ ಹೇಳಿಕೊಡುತ್ತಿದ್ದಾನೆ, ಕಾಡು ಅದನ್ನೇ ಮಾರ್ದನಿಸುತ್ತಿದೆ. ಅಲ್ಲಿರುವುದು ಈ ಪದ. ಅದೇ ವರ್ಜಿಲ್ 'ಐನಿಯಡ್' ಮಹಾಕಾವ್ಯ ಬರೆಯುವಾಗ ಇದನ್ನು ಒಂದು ಸಲವೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅಲ್ಲಿ ಎಲ್ಲ ಕಡೆ ಪುಲ್ಕೆರ್. ಮಹಾಕಾವ್ಯದ ಅಂಗಳಕ್ಕೆ ಫೋರ್ಮೋಸುಸ್ ಸ್ವಲ್ಪ ಹಳ್ಳಿಯದು, ಸ್ವಲ್ಪ ಸಲಿಗೆ ಜಾಸ್ತಿ ಅನ್ನಿಸಿರಬೇಕು.

ಕಟುಲ್ಲುಸ್ ಅನ್ನುವ ಕವಿಯದು ಇನ್ನೂ ಮಜಾ. ಅವನು ಈ ಪದದ ಮೇಲೆ ಜಗಳಕ್ಕೇ ನಿಂತ. ಕ್ರಿಸ್ತಪೂರ್ವ ಮೊದಲ ಶತಮಾನದವನು. ಅವನ ಆರೇ ಸಾಲಿನ ಒಂದು ಪದ್ಯದ ಸಾರ ಹೀಗಿದೆ: ಕ್ವಿಂಟಿಯಾ ಫೋರ್ಮೋಸ ಅಂತ ತುಂಬಾ ಜನ ಹೇಳುತ್ತಾರೆ. ಬಿಳಿ ಇದ್ದಾಳೆ, ಎತ್ತರ ಇದ್ದಾಳೆ, ನಿಲುವು ನೆಟ್ಟಗಿದೆ, ಒಂದೊಂದಾಗಿ ಕೇಳಿದರೆ ಎಲ್ಲ ಒಪ್ಪುತ್ತೇನೆ. ಆದರೆ ಒಟ್ಟಾಗಿ ಫೋರ್ಮೋಸ ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ಅಷ್ಟು ದೊಡ್ಡ ಮೈಯಲ್ಲಿ ಉಪ್ಪಿನ ಒಂದು ಹರಳೂ ಇಲ್ಲ. ನನ್ನ ಪ್ರೇಯಸಿ ಲೆಸ್ಬಿಯಾ ಇದ್ದಾಳಲ್ಲ, ಅವಳು ಫೋರ್ಮೋಸ!

'ಉಪ್ಪಿಲ್ಲ' ಅನ್ನುವುದನ್ನು ಕನ್ನಡದವರಿಗೆ ವಿವರಿಸಬೇಕಾಗಿಲ್ಲ. ಮಾತಲ್ಲಿ ಉಪ್ಪು ಖಾರ ಇಲ್ಲ ಅಂತ ನಾವೂ ಹೇಳುತ್ತೇವೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಒಂದು ಪದಕ್ಕೆ ಯಾರು ಅರ್ಹರು ಅಂತ ಜನ ಜಗಳ ಆಡುತ್ತಿದ್ದಾರೆ ಅಂದರೆ ಆ ಪದ ಬೀದಿಯಲ್ಲಿ ಜೀವಂತವಾಗಿತ್ತು ಅಂತ ಗೊತ್ತಾಗುತ್ತದೆ.

ಇನ್ನು ಬೆಲ್ಲುಸ್. ಇಟಾಲಿಯನ್ನಿನ 'ಬೆಲ್ಲ'ಕ್ಕೂ ನಮ್ಮ ಮಂಡ್ಯದ ಬೆಲ್ಲಕ್ಕೂ ಏನೂ ಸಂಬಂಧ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಬೆಲ್ಲುಸ್‌ನ ಬೇರು 'ಒಳ್ಳೆಯ' ಅನ್ನುವ ಅರ್ಥದ 'ಬೋನುಸ್' ಪದದಲ್ಲಿದೆ. ಬೋನುಸ್‌ನ ಹಳೆಯ ರೂಪ 'ದ್ವೆನೋಸ್'. 1880ರಲ್ಲಿ ರೋಮಿನಲ್ಲಿ ಒಂದಕ್ಕೊಂದು ಅಂಟಿದ ಮೂರು ಪುಟ್ಟ ಗಡಿಗೆಗಳು ಸಿಕ್ಕವು. ಅವುಗಳ ಮೈಮೇಲೆ ಕೊರೆದ ಬರಹದಲ್ಲಿ ಈ ಹಳೆಯ ರೂಪ ಇದೆ. ಅದೇ ದ್ವೆನೋಸ್‌ನಿಂದ 'ಒಳ್ಳೆ ಮುದ್ದಾದ' ಅನ್ನುವ ಹಾಗೆ ಒಂದು ಚಿಕ್ಕ ರೂಪ ಹುಟ್ಟಿತು, ಅದು ಬೆಲ್ಲುಸ್ ಆಯಿತು. ಒಳ್ಳೆಯದು ಹೋಗಿ ಚೆಲುವು ಆಯಿತು. ಕನ್ನಡದಲ್ಲಿ ದಾರಿ ತಿರುಗಾಮುರುಗಾ. 'ಚೆನ್ನ' ಅಂದರೆ ಚೆಲುವ. ಚೆನ್ನಮಲ್ಲಿಕಾರ್ಜುನ ಅನ್ನುವಾಗ ಇರುವುದು ಆ ಅರ್ಥ. ಈಗ 'ಚೆನ್ನಾಗಿ ಓದು' ಅನ್ನುವಾಗ ಚೆಲುವು ಎಲ್ಲಿದೆ? 'ಒಳ್ಳೆಯ ರೀತಿಯಲ್ಲಿ' ಅನ್ನುವುದಷ್ಟೇ ಉಳಿದಿದೆ.

ಈ ಬೆಲ್ಲುಸ್‌ಗೆ ರೋಮಿನ ಗಂಡಸರ ನಡುವೆ ಅಂಥ ಮರ್ಯಾದೆ ಇರಲಿಲ್ಲ. ಕ್ರಿಸ್ತಶಕ ಮೊದಲ ಶತಮಾನದ ಮಾರ್ಷಿಯಲ್ ಚುಟುಕಗಳ ಕವಿ. ಅವನು ಕೊಟ್ಟಾ ಎನ್ನುವವನನ್ನು ಕಿಚಾಯಿಸುತ್ತಾನೆ: ನೀನು ಬೆಲ್ಲುಸ್ ಕೂಡ ಆಗಬೇಕು, ದೊಡ್ಡವನೂ ಆಗಬೇಕು ಅಂತೀಯ, ಆದರೆ ಬೆಲ್ಲುಸ್ ಆದ ಗಂಡಸು ಸಣ್ಣ ಮನುಷ್ಯನಪ್ಪಾ. ನಾವು 'ಷೋಕಿಲಾಲ' ಅನ್ನುತ್ತೇವಲ್ಲ, ಆ ಧಾಟಿ. ಇಂಥ ಪದ ಮುಂದೆ ಇಟಲಿ, ಫ್ರಾನ್ಸ್ ಎರಡನ್ನೂ ಗೆದ್ದಿತು. ಗತ್ತಿನ ಪುಲ್ಕೆರ್ ಏನಾಯಿತು ಗೊತ್ತೇ? ಸತ್ತೇ ಹೋಯಿತು. ಮನೆಮಾತಿನ ದಾರಿಯಲ್ಲಿ ಅದು ಯಾವ ರೊಮಾನ್ಸ್ ಭಾಷೆಗೂ, ಅಂದರೆ ಲ್ಯಾಟಿನ್ನಿನಿಂದ ಹುಟ್ಟಿದ ಯಾವ ಭಾಷೆಗೂ, ತಲುಪಲಿಲ್ಲ. ಸ್ಪ್ಯಾನಿಷ್‌ನಲ್ಲಿ 'ಪುಲ್ಕ್ರೊ' ಅಂತ ಇದೆ. ಆದರೆ ಅದನ್ನು ಓದಿದವರು ಲ್ಯಾಟಿನ್ ಪುಸ್ತಕಗಳಿಂದ ಎತ್ತಿ ತಂದಿದ್ದು, ಅರ್ಥವೂ 'ಅಚ್ಚುಕಟ್ಟಾದ, ಶುಚಿಯಾದ' ಅಂತ.

ಜನ ಫೋರ್ಮೋಸುಸ್ ಅನ್ನು ಹೇಗೆ ಉಚ್ಚರಿಸುತ್ತಿದ್ದರು ಅನ್ನುವುದಕ್ಕೂ ಸಾಕ್ಷಿ ಇದೆ. 'ಅಪೆಂಡಿಕ್ಸ್ ಪ್ರೋಬಿ' ಅಂತ ಒಂದು ಹಳೆಯ ಪಟ್ಟಿ. 'ಹೀಗೆ ಹೇಳಿ, ಹಾಗೆ ಹೇಳಬೇಡಿ' ಅನ್ನುವ 227 ತಿದ್ದುಪಡಿಗಳು ಅದರಲ್ಲಿವೆ. ಯಾರೋ ಮೇಷ್ಟ್ರು ಮಕ್ಕಳ ಮೇಲೆ ರೇಗಿ ಬರೆದಿರಬೇಕು. ಅದರಲ್ಲಿ ಒಂದು: 'ಫೋರ್ಮೋಸುಸ್, ಫೋರ್ಮುನ್ಸುಸ್ ಅಲ್ಲ.' ಅಲ್ಲಿ ಇಲ್ಲದ 'ನ್' ಎಲ್ಲಿಂದ ಬಂತು? ಲ್ಯಾಟಿನ್ ಮಾತಿನಲ್ಲಿ 'ಸ'ಕಾರದ ಹಿಂದಿನ 'ನ್' ಬಹಳ ಹಿಂದೆಯೇ ಬಿದ್ದುಹೋಗಿತ್ತು. ಮೇಜಿಗೆ 'ಮೆನ್ಸ' ಅಂತ ಬರೆಯುತ್ತಿದ್ದರು, 'ಮೇಸ' ಅನ್ನುತ್ತಿದ್ದರು. ಶುದ್ಧವಾಗಿ ಮಾತಾಡಬೇಕು ಅಂತ ಹೊರಟವರು ಬೇಕಾದ ಕಡೆ, ಬೇಡವಾದ ಕಡೆ ಎಲ್ಲ 'ನ್' ಸೇರಿಸಿಬಿಟ್ಟರು. ನಮ್ಮ ಹಕಾರದ ಕತೆಯೂ ಇದೇ ಅಲ್ವಾ. 'ಹಣ್ಣು' ಅನ್ನುವ ಕಡೆ 'ಅಣ್ಣು' ಅಂದು ಬೈಸಿಕೊಂಡವರು ವೇದಿಕೆ ಹತ್ತಿದಾಗ 'ಹಭಿನಂದನೆ' ಅನ್ನುತ್ತಾರೆ. ನಗಬೇಡಿ. ತಪ್ಪು ಮಾಡುವವರ ಬಾಯಿಂದಲೇ ಭಾಷೆಯ ಚರಿತ್ರೆ ನಮಗೆ ಸಿಕ್ಕುವುದು.

ಈಗ ಮೊದಲ ಪ್ರಶ್ನೆಗೆ ಬರೋಣ. ತುದಿಗಳಲ್ಲೇ ಯಾಕೆ?

ಮತ್ತೆಯೊ ಬಾರ್ತೊಲಿ ಅಂತ ಒಬ್ಬ ಭಾಷಾವಿಜ್ಞಾನಿ. 1873ರಲ್ಲಿ ಆಡ್ರಿಯಾಟಿಕ್ ದಡದ ಇಸ್ಟ್ರಿಯಾದಲ್ಲಿ ಹುಟ್ಟಿದವರು, ಟ್ಯೂರಿನ್ನಿನಲ್ಲಿ ಪಾಠ ಹೇಳಿದವರು. ಅಲ್ಲಿ ಅವರ ಶಿಷ್ಯರಲ್ಲಿ ಅಂಟೋನಿಯೊ ಗ್ರಾಂಷಿ ಕೂಡ ಒಬ್ಬರು. ರಾಜಕೀಯ ಚಿಂತಕ ಗ್ರಾಂಷಿಯೇ. ಬಾರ್ತೊಲಿ 1897ರಲ್ಲಿ ಆಡ್ರಿಯಾಟಿಕ್ ಕಡಲಿನ ಕ್ರ್ಕ್ ದ್ವೀಪಕ್ಕೆ ಹೋಗಿ, ಡಾಲ್ಮೇಷಿಯನ್ ಎಂಬ ರೊಮಾನ್ಸ್ ಭಾಷೆ ಬಲ್ಲ ಕೊನೆಯ ಮನುಷ್ಯನ ಮುಂದೆ ಕೂತು ಪದಗಳನ್ನು ಬರೆದುಕೊಂಡರು. ಆತನ ಹೆಸರು ತುವೊನೆ ಉದೈನ. ಮರುವರ್ಷ ರಸ್ತೆ ಕೆಲಸದ ಸ್ಫೋಟದಲ್ಲಿ ಆತ ತೀರಿಕೊಂಡ, ಭಾಷೆಯೂ ಅಲ್ಲಿಗೆ ಮುಗಿಯಿತು.

ಬಾರ್ತೊಲಿ ಗಮನಿಸಿದ್ದು ಇದು: ಹೊಸ ಪದಗಳು ನಡುವಿನಿಂದ ಹೊರಗೆ ಹರಡುತ್ತವೆ, ಅವು ಮುಟ್ಟದ ಅಂಚುಗಳಲ್ಲಿ ಹಳೆಯ ಪದ ಉಳಿದುಕೊಳ್ಳುತ್ತದೆ. ಮದುವೆ ಊಟದ ಬಫೆ ನೋಡಿ. ಬೆಂಗಳೂರಿನಂಥ ಕಡೆ ಶುರುವಾಗಿ ತಾಲೂಕು ಊರುಗಳ ಛತ್ರದವರೆಗೆ ಬಂತು, ದೂರದ ಹಳ್ಳಿಯಲ್ಲಿ ಇನ್ನೂ ಬಾಳೆ ಎಲೆ ಹಾಕಿ ಪಂಕ್ತಿಯಲ್ಲೇ ಬಡಿಸುತ್ತಾರೆ. ಒಬ್ಬರು ಮಲೆನಾಡಿನವರು, ಒಬ್ಬರು ಗಡಿನಾಡಿನವರು, ಪರಸ್ಪರ ಕಂಡವರೂ ಅಲ್ಲ, ಆದರೂ ಇಬ್ಬರ ಪದ್ಧತಿಯೂ ಒಂದೇ. ಸ್ಪೇನ್ ಮತ್ತು ರೊಮೇನಿಯಾ ನಡುವೆಯೂ ಆದದ್ದು ಇಷ್ಟೇ.

ಫೋರ್ಮೋಸುಸ್ ಕೂಡ ಒಂದು ಕಾಲಕ್ಕೆ ಹೊಸ ಅಲೆಯೇ. ಅದು ಪುಲ್ಕೆರ್ ಅನ್ನು ಜನರ ಬಾಯಿಂದ ತಳ್ಳುತ್ತಾ ಸಾಮ್ರಾಜ್ಯದ ಎರಡೂ ಕೊನೆ ಮುಟ್ಟಿತು. ಆಮೇಲೆ ನಡುವಿನಲ್ಲಿ ಬೆಲ್ಲುಸ್‌ನ ಅಲೆ ಎದ್ದಿತು. ಅದು ಇಟಲಿ, ಫ್ರಾನ್ಸ್ ಮುಳುಗಿಸುವಷ್ಟರಲ್ಲಿ ತುದಿಗಳ ಸಂಪರ್ಕ ಸಡಿಲವಾಗಿತ್ತು. ರೊಮೇನಿಯಾದ ಲೆಕ್ಕ ಸ್ಪಷ್ಟ. ಆಗಿನ ಡೇಸಿಯಾವನ್ನು ಚಕ್ರವರ್ತಿ ಟ್ರೇಜನ್ ಗೆದ್ದದ್ದು 106ರಲ್ಲಿ. 270ರ ದಶಕದಲ್ಲಿ ಅರೇಲಿಯನ್ ಸೈನ್ಯ ವಾಪಸ್ ಕರೆಸಿಕೊಂಡ. ಆಮೇಲೆ ರೋಮಿನ ಹೊಸ ಫ್ಯಾಷನ್ನುಗಳು ಅಲ್ಲಿಗೆ ಹೋಗುವುದು ಎಲ್ಲಿಂದ ಬಂತು?

ಇದು ಒಂದೇ ಪದದ ಕತೆ ಆಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. 'ಹೆಚ್ಚು' ಅನ್ನುವುದಕ್ಕೆ ಸ್ಪೇನಿನಲ್ಲಿ 'ಮಾಸ್', ರೊಮೇನಿಯಾದಲ್ಲಿ 'ಮಾಯ್'. ನಡುವೆ ಫ್ರೆಂಚ್ 'ಪ್ಲೂ', ಇಟಾಲಿಯನ್ 'ಪ್ಯೂ'. 'ದಿನ'ಕ್ಕೆ ತುದಿಗಳಲ್ಲಿ 'ದೀಯ' ಮತ್ತು 'ಜಿ', ನಡುವೆ 'ಜೂರ್' ಮತ್ತು 'ಜೋರ್ನೊ'. ಕುದಿಯುವುದಕ್ಕೆ, ಸಿಕ್ಕುವುದಕ್ಕೆ, ಹಕ್ಕಿಗೆ, ಭುಜಕ್ಕೆ, ಎಲ್ಲದಕ್ಕೂ ಇದೇ ಪಾಡು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೇಜು. ಆಗ ಹೇಳಿದ 'ಮೆನ್ಸ' ಪದ ತುದಿಗಳಲ್ಲಿ ಉಳಿಯಿತು: ಸ್ಪ್ಯಾನಿಷ್ 'ಮೆಸ', ಪೋರ್ಚುಗೀಸ್ 'ಮೇಜ', ರೊಮೇನಿಯನ್ 'ಮಾಸ'. ನಡುವೆ ಹಲಗೆ ಅನ್ನುವ ಅರ್ಥದ 'ತಾಬುಲ' ಬಂದು ಕೂತಿತು: ಫ್ರೆಂಚ್ 'ತಾಬ್ಲ್', ಇಟಾಲಿಯನ್ 'ತಾವೊಲ'. ಫ್ರೆಂಚ್ ಪದ ಇಂಗ್ಲಿಷಿಗೆ ಹೋಗಿ 'ಟೇಬಲ್' ಆಗಿ ನಮ್ಮ ಮನೆಗೆ ಬಂತು. ನಮ್ಮ 'ಮೇಜು' ಪೋರ್ಚುಗೀಸರ ಕೈಯಿಂದ ಬಂದದ್ದು ಅಂತ ಹೇಳುವವರಿದ್ದಾರೆ, ಪಾರಸಿಯ 'ಮೇಜ್'ನಿಂದ ಬಂತು ಅನ್ನುವವರೂ ಇದ್ದಾರೆ. ಪೋರ್ಚುಗೀಸ್ ಅನ್ನುವವರ ಮಾತು ನಿಜವಾದರೆ ಮೇಜು, ಟೇಬಲ್ ಅಂತ ನಾವು ಬಾಯಿಗೆ ಬಂದ ಹಾಗೆ ಬಳಸುವ ಎರಡು ಪದಗಳಲ್ಲಿ ಒಂದು ರೋಮ್ ಸಾಮ್ರಾಜ್ಯದ ಅಂಚಿನದು, ಇನ್ನೊಂದು ನಡುವಿನದು.

ಹಾಗಂತ ಬಾರ್ತೊಲಿ ಹೇಳಿದ್ದನ್ನು ಕಾನೂನು ಅಂದುಕೊಳ್ಳಬಾರದು. ಬೆಲ್ಲುಸ್‌ನ ಮಕ್ಕಳು ಸ್ಪೇನಿನಲ್ಲೂ ಇದ್ದಾರೆ, 'ಬೆಯ್ಯೊ' ಅಂತ. ಇಟಲಿಯಲ್ಲಿ 'ಫೋರ್ಮೋಸೊ' ಪೂರ್ತಿ ಅಳಿದಿಲ್ಲ. ಆದರೆ ಅರ್ಥ ಹಳಿ ತಪ್ಪಿದೆ. ಇವತ್ತು ಇಟಲಿಯಲ್ಲಿ ಒಬ್ಬ ಹೆಣ್ಣುಮಗಳಿಗೆ 'ಫೋರ್ಮೋಸ' ಅಂದರೆ ಮೈಕೈ ತುಂಬಿಕೊಂಡಿದ್ದಾಳೆ ಅಂತ ಅರ್ಥ. ಸ್ಪೇನಿನಿಂದ ಬಂದವರು ಹೊಗಳುವುದಕ್ಕೆ ಹೋಗಿ ಪೇಚಿಗೆ ಸಿಕ್ಕಬಹುದು, ಜೋಪಾನ! ವೆನಿಸ್ಸಿನಲ್ಲಿ 'ಸಾಂತ ಮರಿಯ ಫೋರ್ಮೋಸ' ಅಂತ ಚರ್ಚೇ ಇದೆ. ಮೇರಿ ಮಾತೆ ತುಂಬಿದ ಮೈಯ ಚೆಲುವೆಯಾಗಿ ಒಬ್ಬ ಬಿಷಪ್ಪನಿಗೆ ಕಾಣಿಸಿಕೊಂಡಳು ಅನ್ನುವ ಐತಿಹ್ಯದಿಂದ ಬಂದ ಹೆಸರು.

ಸ್ಪ್ಯಾನಿಷ್ ರೂಪದ ಬಗ್ಗೆ ಸ್ವಲ್ಪ ನಿಲ್ಲಬೇಕು. 'ಫೋರ್ಮೋಸೊ'ದಲ್ಲಿ ಎರಡು ಒಕಾರ ಒಂದರ ಹಿಂದೆ ಒಂದು ಬಂದವಲ್ಲ, ಮೊದಲನೆಯದು ಎಕಾರ ಆಯಿತು: 'ಫೆರ್ಮೋಸೊ'. ಆಮೇಲೆ ಸ್ಪೇನಿನ ನಡುಭಾಗದ ಕ್ಯಾಸ್ಟೀಲಿನ ಕಡೆ ಪದದ ಮೊದಲ 'ಫ' ಸವೆದು 'ಹ' ಆಯಿತು: 'ಹೆರ್ಮೋಸೊ'. ಕೊನೆಗೆ ಆ 'ಹ'ವೂ ಬಿದ್ದುಹೋಗಿ 'ಎರ್ಮೋಸೊ'. ಬರೆಯುವಾಗ ಹಕಾರದ ಅಕ್ಷರ ಇನ್ನೂ ಇದೆ, ಬಾಯಲ್ಲಿ ಇಲ್ಲ. ಕನ್ನಡದವರಿಗೆ ಇದು ಹೊಸದಲ್ಲ. ಪಂಪನ ಕಾಲದ ಪಾಲ್, ಪುಲಿ, ಪೆಣ್, ಪೂ ನಮ್ಮಲ್ಲಿ ಹಾಲು, ಹುಲಿ, ಹೆಣ್ಣು, ಹೂ ಆದವು. ಈಗ ಹಳೇ ಮೈಸೂರಿನ ಹಲವರ ಬಾಯಲ್ಲಿ ಆಲು, ಉಲಿ. ತುಳುವಿನಲ್ಲಿ ಹುಲಿ ಇನ್ನೂ 'ಪಿಲಿ'ಯೇ, ಪೋರ್ಚುಗೀಸಿನಲ್ಲಿ 'ಫ' ಉಳಿದ ಹಾಗೆ.

ಇದರ ಮೇಲೆ ಸ್ಪೇನಿನ ಕಾದಂಬರಿಕಾರ ಸೆರ್ವಾಂಟಿಸ್ ಒಂದು ಇಡೀ ಹಾಸ್ಯವನ್ನೇ ಕಟ್ಟಿದ. 'ಡಾನ್ ಕ್ವಿಕ್ಸಾಟ್' ಮೊದಲ ಭಾಗ 1605ರಲ್ಲಿ ಬಂತು. ಆ ಹೊತ್ತಿಗೆ ಜನರ ಬಾಯಲ್ಲಿ ಈ 'ಫ' ಹೋಗಿ ಕಾಲವಾಗಿತ್ತು. ನಮ್ಮ ಬಡಪಾಯಿ ವೀರ ಮಾತ್ರ ಹಳೆಯ ವೀರಗಾಥೆಗಳನ್ನು ಓದಿ ತಲೆ ಕೆಡಿಸಿಕೊಂಡು 'ಫೆರ್ಮೊಸೂರ' ಅನ್ನುತ್ತಾನೆ. ಚೆಲುವು ಅನ್ನುವುದಕ್ಕೆ ಹಳೆಯ ರೂಪ. ಇವತ್ತು ಯಾರಾದರೂ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು 'ಎಲೆ ಪೆಣ್ಣೆ' ಅಂದ ಹಾಗೆ. ಓದುಗರು ಆ ಒಂದು ಅಕ್ಷರಕ್ಕೇ ನಕ್ಕಿರಬೇಕು. ಅನುವಾದದಲ್ಲಿ ಓದುವಾಗ ಈ ನಗು ನಮಗೆ ಸುಮ್ನೆ ಜಾರಿಹೋಗುತ್ತದೆ.

ಪೋಪ್ ಕತೆ ಹೇಳುತ್ತೇನೆ ಅಂದಿದ್ದೆ. 891ರಲ್ಲಿ ಪೋಪ್ ಆದವನ ಹೆಸರೇ ಫೋರ್ಮೋಸುಸ್. 896ರಲ್ಲಿ ತೀರಿಕೊಂಡ. ಅಲ್ಲಿಗೆ ಮುಗಿಯಲಿಲ್ಲ. ರೋಮಿನ ರಾಜಕೀಯ ಆಗ ಬಲು ಕೆಟ್ಟಿತ್ತು. 897ರ ಜನವರಿಯಲ್ಲಿ ಆರನೆಯ ಸ್ಟೀಫನ್ ಎಂಬ ಪೋಪ್ ಈ ಹೆಣವನ್ನು ಗೋರಿಯಿಂದ ತೆಗೆಸಿದ. ಪೋಪನ ಉಡುಪು ತೊಡಿಸಿ ಪೀಠದಲ್ಲಿ ಕೂರಿಸಿದ. ವಿಚಾರಣೆ ನಡೆಸಿದ. ಹೆಣದ ಪರವಾಗಿ ಉತ್ತರ ಕೊಡುವುದಕ್ಕೆ ಪಕ್ಕದಲ್ಲಿ ಒಬ್ಬ ಪಾದ್ರಿಯನ್ನು ನಿಲ್ಲಿಸಿದ್ದರು. ಬೇರೆ ಊರಿನ ಬಿಷಪ್ ಆಗಿದ್ದವನು ರೋಮಿನ ಪೀಠ ಏರಿದ್ದು ತಪ್ಪು ಅನ್ನುವುದು ಆರೋಪಗಳಲ್ಲಿ ಒಂದು. ತೀರ್ಪು ಏನಾಗಬೇಕಿತ್ತೋ ಅದೇ ಆಯಿತು. ಆಶೀರ್ವಾದ ಮಾಡುವ ಬಲಗೈಯ ಮೂರು ಬೆರಳು ಕತ್ತರಿಸಿ, ಕೊನೆಗೆ ಹೆಣವನ್ನು ಟೈಬರ್ ನದಿಗೆ ಎಸೆದರು. ಜನ ರೊಚ್ಚಿಗೆದ್ದರು. ಅದೇ ವರ್ಷ ಸ್ಟೀಫನ್ನನನ್ನು ಸೆರೆಗೆ ಹಾಕಿ ಕತ್ತು ಹಿಸುಕಿ ಕೊಂದರು. ಫೋರ್ಮೋಸುಸ್‌ನನ್ನು ಮತ್ತೆ ಮರ್ಯಾದೆಯಿಂದ ಹೂಳಿದರು.

ಆಮೇಲೆ ಯಾವ ಪೋಪನೂ ಆ ಹೆಸರು ಇಟ್ಟುಕೊಳ್ಳಲಿಲ್ಲ. 1464ರಲ್ಲಿ ಆಯ್ಕೆಯಾದ ವೆನಿಸ್ಸಿನ ಪಿಯೆತ್ರೊ ಬಾರ್ಬೊಗೆ ಆಸೆ ಇತ್ತಂತೆ. ನೋಡುವುದಕ್ಕೆ ಲಕ್ಷಣವಾಗಿದ್ದ ಮನುಷ್ಯ. 'ನೀವೇ ನಿಮ್ಮನ್ನು ಚೆಲುವ ಅಂತ ಕರೆದುಕೊಂಡರೆ ಜನ ಏನಂದಾರು' ಅಂತ ಕಾರ್ಡಿನಲ್‌ಗಳು ತಡೆದರಂತೆ. ಅವನು ಎರಡನೆಯ ಪಾಲ್ ಆದ.

ಪೋರ್ಚುಗೀಸ್ ನಾವಿಕರು ಈ ಪದವನ್ನು ಹಡಗಿಗೆ ಹಾಕಿಕೊಂಡು ಲೋಕ ಸುತ್ತಿದರು. 1472ರಲ್ಲಿ ಫೆರ್ನಾಂವ್ ದೊ ಪೊ ಪಶ್ಚಿಮ ಆಫ್ರಿಕಾದ ಒಂದು ದ್ವೀಪಕ್ಕೆ 'ಫೋರ್ಮೋಸ' ಅಂತ ಹೆಸರಿಟ್ಟ. ಆಮೇಲೆ ಅದಕ್ಕೆ ಅವನ ಹೆಸರೇ ನಿಂತಿತು, ಈಗ ಅದು ಬಿಯೊಕೊ. ಮುಂದಿನ ಶತಮಾನದಲ್ಲಿ ಚೀನಾ ಕಡಲಿನ ದೊಡ್ಡ ದ್ವೀಪಕ್ಕೂ ಅದೇ ಹೆಸರು ಬಿತ್ತು. ಅದೇ ಇವತ್ತಿನ ತೈವಾನ್. ನಾವಿಕರು ಹಸಿರು ಬೆಟ್ಟ ಕಂಡು 'ಆಹಾ, ಚೆಲುವಿನ ದ್ವೀಪ' ಅಂತ ಕೂಗಿದರು ಅನ್ನುವುದು ಎಲ್ಲರೂ ಹೇಳುವ ಕತೆ. ಕೂಗಿದರೋ ಇಲ್ಲವೋ, ನಾನಂತೂ ಅದರ ಮೇಲೆ ಜಾಸ್ತಿ ಭಾರ ಹಾಕುವುದಿಲ್ಲ. ಪೋರ್ಚುಗೀಸರು ಕಂಡ ಕಂಡ ಕಡೆ ಇದೇ ಹೆಸರು ಇಡುತ್ತಿದ್ದರು. 1554ರ ಒಂದು ಪೋರ್ಚುಗೀಸ್ ನಕ್ಷೆಯಲ್ಲಿ ಈ ದ್ವೀಪದ ಹೆಸರು 'ಫ್ರೆಮೋಸ' ಅಂತ ಇದೆ. ರಕಾರ ಸ್ಥಳ ಬದಲಾಯಿಸಿದೆ, ಥೇಟ್ ರೊಮೇನಿಯನ್ 'ಫ್ರುಮೋಸ್' ಹಾಗೆ. ಯಾರಿಂದ ಯಾರೂ ಕಲಿತದ್ದಲ್ಲ, ಆ ಜಾಗದಲ್ಲಿ ನಾಲಿಗೆ ಹಾಗೆ ತಿರುಗುತ್ತದೆ ಅಷ್ಟೆ.

1624ರಿಂದ 1662ರವರೆಗೆ ಅಲ್ಲಿದ್ದ ಡಚ್ಚರೂ ಅದೇ ಹೆಸರು ಬಳಸಿದರು. 1895ರಲ್ಲಿ ಜಪಾನಿನ ಕೈಗೆ ಹೋಗುವುದನ್ನು ತಡೆಯಲು ಅಲ್ಲಿ ಒಂದು ಗಣರಾಜ್ಯ ಸಾರಿದರು, ಕೆಲವು ತಿಂಗಳು ಬಾಳಿತು. ಇಂಗ್ಲಿಷಿನಲ್ಲಿ ಅದನ್ನೂ 'ಫಾರ್ಮೋಸಾ ಗಣರಾಜ್ಯ' ಅನ್ನುತ್ತಾರೆ. ತೈವಾನಿನ ಮೂಲನಿವಾಸಿಗಳ ಭಾಷೆಗಳನ್ನು ಭಾಷಾವಿಜ್ಞಾನಿಗಳು ಇವತ್ತಿಗೂ 'ಫಾರ್ಮೋಸನ್ ಭಾಷೆಗಳು' ಅಂತಲೇ ಕರೆಯುವುದು. ಲ್ಯಾಟಿನ್ನಿಗೂ ಆ ಭಾಷೆಗಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ! ಅರ್ಜೆಂಟೀನಾದಲ್ಲೂ ಒಂದು ಫೋರ್ಮೋಸ ಇದೆ, ಪರಗ್ವಾಯ್ ನದಿಯ ತಿರುವಿನಲ್ಲಿ 1879ರಲ್ಲಿ ಕಟ್ಟಿದ ಊರು.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು: ಇವತ್ತು ಈ ಪದವನ್ನು ಮನೆಯಲ್ಲಿ, ಬೀದಿಯಲ್ಲಿ ನಿಜವಾಗಿ ಬಳಸುವವರು ಯಾರು? ಒಳ್ಳೆ ಪ್ರಶ್ನೆ. ಪೋರ್ಚುಗೀಸಿನಲ್ಲಿ ಅದು ಈಗ ಕವಿತೆಯ ಪದ, ದಿನದ ಮಾತಿಗೆ 'ಬೊನೀತು', 'ಲಿಂದು' ಸಾಕು. ಸ್ಪ್ಯಾನಿಷ್‌ನಲ್ಲಿ 'ಎರ್ಮೋಸೊ' ಇದೆ, ಆದರೆ ತುಸು ಮೇಲ್ದರ್ಜೆ. ಸ್ಪೇನಿನಲ್ಲಿ ಗುಂಡುಗುಂಡಾದ ಮಗುವಿಗೂ ಹಾಗನ್ನುವುದುಂಟು. ನಮ್ಮಲ್ಲಿ ದೃಷ್ಟಿ ಬೊಟ್ಟು ಇಡುತ್ತೇವಲ್ಲ, ಅಂಥ ಮಗುವಿಗೆ. ಯಾವ ಹಿಂಜರಿಕೆಯೂ ಇಲ್ಲದೆ ದಿನವಿಡೀ ಬಳಸುವವರು ರೊಮೇನಿಯಾದವರು ಮಾತ್ರ. ಹುಡುಗ 'ಫ್ರುಮೋಸ್', ಹುಡುಗಿ 'ಫ್ರುಮ್ವಾಸ', ಹವೆ ಚೆನ್ನಾಗಿದ್ದರೂ 'ಫ್ರುಮೋಸ್'. ಅವರ ಅಜ್ಜಿ ಕತೆಗಳ ರಾಜಕುಮಾರ 'ಫತ್ ಫ್ರುಮೋಸ್', ಚೆಲುವ ಹುಡುಗ ಅಂತ. ಮಗು ಏನಾದರೂ ಬೇಕು ಅಂತ ಹಟ ಮಾಡಿದರೆ ಅಮ್ಮ 'ಚೆನ್ನಾಗಿ ಕೇಳು' ಅನ್ನುತ್ತಾಳೆ. ಆಗ ಮಗು ಹೇಳಬೇಕಾದದ್ದು 'ತೆ ರೋಗ್ ಫ್ರುಮೋಸ್', ಚೆಲುವಾಗಿ ಬೇಡುತ್ತೇನೆ ಅಂತ. ಅಂಗಡಿಯಲ್ಲಿ, ಬಸ್ಸಿನಲ್ಲಿ ದೊಡ್ಡವರೂ ಅದನ್ನೇ ಹೇಳುತ್ತಾರೆ. ಬುಕಾರೆಸ್ಟ್‌ಗೆ ಹೋಗುವವರಿದ್ದರೆ ಇದೊಂದು ಕಲಿತುಕೊಂಡು ಹೋಗಿ, ಕೆಲಸಕ್ಕೆ ಬರುತ್ತದೆ.